ಹೊಟ್ಟೆಯಲ್ಲಿದ್ದಾಗ ಕೀಮೋ ಆಗಿತ್ತು, ಮಗಳು ಇನ್ನೂ ನಡೆಯುತ್ತಿಲ್ಲ

ಪ್ರಶ್ನೆ: ನನಗೆ 31 ವರ್ಷ. ಬಸುರಿಯಾಗಿ 17 ವಾರ ಆಗಿದ್ದಾಗ ಎಡಗಡೆ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು. ಸ್ತನ ಕ್ಯಾನ್ಸರ್ ಎಂದರು. ಮರುವಾರವೇ ಆಪರೇಷನ್ ಆಯಿತು. 21ನೇ ವಾರದಿಂದ ಮೂರು ವಾರಕ್ಕೊಂದರಂತೆ ನಾಲ್ಕು ಸಲ ಕೀಮೋ ಕೊಟ್ಟರು. ಚೀಟಿಯಲ್ಲಿ ಡಾಕ್ಸೊರುಬಿಸಿನ್, ಸೈಕ್ಲೊಫಾಸ್ಫಮೈಡ್ ಎಂದಿದೆ. ಆಮೇಲೆ ಬಿ.ಪಿ. ಏರಿತೆಂದು 34ನೇ ವಾರಕ್ಕೇ ಸಿಸೇರಿಯನ್ ಮಾಡಿದರು. ಮಗಳು 1.9 ಕೆ.ಜಿ. ಇದ್ದಳು, 12 ದಿನ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಟ್ಟಿದ್ದರು. ಹೆರಿಗೆಯ ನಂತರ ನನಗೆ ಉಳಿದ ಕೀಮೋ, ರೇಡಿಯೇಷನ್ ನಡೆದವು. ಎದೆಹಾಲು ಕೊಡಲಾಗಲಿಲ್ಲ. ಆರು ತಿಂಗಳು ಮಗುವನ್ನು ನೋಡಿಕೊಂಡಿದ್ದು ನನ್ನ ಅಮ್ಮ, ನಾನು ಹೆಚ್ಚು ಹೊತ್ತು ಮಲಗೇ ಇರುತ್ತಿದ್ದೆ. ಈಗ ಮಗಳಿಗೆ 13 ತಿಂಗಳು. ಅಂಬೆಗಾಲಿಡುತ್ತಾಳೆ, ಹಿಡಿದುಕೊಂಡು ನಿಲ್ಲುತ್ತಾಳೆ, ನಡೆಯುವುದಿಲ್ಲ. ಬಾಬಾಬಾ, ಮಮಮ ಅಂತಾಳೆ, ಒಂದು ಮಾತೂ ಸ್ಪಷ್ಟವಿಲ್ಲ. ನಾದಿನಿಯ ಮಗು ಇವಳಿಗಿಂತ ಒಂದು ವಾರ ಚಿಕ್ಕದು, ದಿನ ತುಂಬಿ ಹುಟ್ಟಿದ್ದು, ಮನೆಯೆಲ್ಲಾ ಓಡಾಡುತ್ತದೆ. ಕೀಮೋದ ವಿಷ ಮಗುವಿನ ತಲೆಗೆ ಏರಿದೆ, ಆಗಲೇ ತೆಗೆಸಿಬಿಡಬೇಕಿತ್ತು ಅಂತ ಅತ್ತೆ ಹೇಳುತ್ತಾರೆ. ನನ್ನ ಔಷಧಿಯಿಂದ ಮಗಳ ಬುದ್ಧಿಗೆ ಪೆಟ್ಟು ಬಿದ್ದಿದೆಯೇ? ಮುಂದೆ ಅವಳಿಗೂ ಕ್ಯಾನ್ಸರ್ ಬರುತ್ತದೆಯೇ?

ಉತ್ತರ: ಮೊದಲು ಒಂದು ಲೆಕ್ಕ ಸರಿ ಮಾಡಿಕೊಳ್ಳೋಣ. ಹುಟ್ಟಿದ ತಾರೀಕಿನಿಂದ ನೋಡಿದರೆ ನಿಮ್ಮ ಮಗಳಿಗೆ 13 ತಿಂಗಳು, ನಿಜ. ಆದರೆ ಅವಳು ಆರು ವಾರ ಮೊದಲೇ ಬಂದವಳು. ದಿನ ತುಂಬದೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ನಾವು ಅವರು ಹುಟ್ಟಬೇಕಾಗಿದ್ದ ತಾರೀಕಿನಿಂದ ಎಣಿಸುತ್ತೇವೆ, ಎರಡು ವರ್ಷ ತುಂಬುವವರೆಗೂ ಹಾಗೇ. ಆ ಲೆಕ್ಕದಲ್ಲಿ ಅವಳಿಗೆ ಈಗ ಸುಮಾರು ಹನ್ನೊಂದೂವರೆ ತಿಂಗಳು. ನಾದಿನಿಯ ಮಗು ವಾರ ಚಿಕ್ಕದು ಎಂದಿರಿ. ಅದು ಹೊಟ್ಟೆಯೊಳಗೆ ಪೂರ್ತಿ ದಿನ ಕಳೆದು ಬಂದದ್ದು, ಹಾಗಾಗಿ ಬೆಳವಣಿಗೆಯ ಲೆಕ್ಕದಲ್ಲಿ ನಿಮ್ಮ ಮಗಳಿಗಿಂತ ಒಂದು ತಿಂಗಳಿಗೂ ಹೆಚ್ಚು ದೊಡ್ಡದು. ಈ ವಯಸ್ಸಿನಲ್ಲಿ ಒಂದು ತಿಂಗಳೆಂದರೆ ಕಡಿಮೆಯಲ್ಲ.

ನಡಿಗೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳ ಆರೋಗ್ಯವಂತ ಮಕ್ಕಳನ್ನು ಬೆನ್ನುಹತ್ತಿ ನೋಡಿದೆ. ಯಾರ ಕೈಯನ್ನೂ ಹಿಡಿಯದೆ ನಡೆಯುವುದು ಕೆಲವರಿಗೆ 8 ತಿಂಗಳಿಗೇ ಬಂತು, ಕೆಲವರಿಗೆ ಹದಿನೇಳೂವರೆ ತಿಂಗಳಾಯಿತು. ಇಬ್ಬರೂ ಸರಿಯಾಗಿರುವ ಮಕ್ಕಳೇ. ನಿಮ್ಮ ಮಗಳು ಅಂಬೆಗಾಲಿಡುತ್ತಾಳೆ, ಹಿಡಿದು ನಿಲ್ಲುತ್ತಾಳೆ, ಅಕ್ಷರ ಜೋಡಿಸಿ ತೊದಲುತ್ತಾಳೆ. ಹನ್ನೊಂದೂವರೆ ತಿಂಗಳಿಗೆ ಇವೆಲ್ಲ ಇರಬೇಕಾದವೇ. ಪತ್ರದಲ್ಲಿ ನೀವು ಹೇಳಿರುವ ಯಾವುದನ್ನೂ ನಾನು ‘ತಡ’ ಎಂದು ಬರೆದುಕೊಳ್ಳುವುದಿಲ್ಲ.

ಇಷ್ಟಕ್ಕೇ ಉತ್ತರ ಮುಗಿಸಬಹುದಿತ್ತು. ಆದರೆ ನಿಮ್ಮ ಅಸಲಿ ಪ್ರಶ್ನೆ ನಡಿಗೆಯದ್ದಲ್ಲ ಎಂಬುದು ನನಗೂ ಗೊತ್ತು. ಔಷಧಿ ಒಳಗೆ ಏನು ಮಾಡಿತು ಎಂಬುದು ನಿಮ್ಮನ್ನು ಕೊರೆಯುತ್ತಿದೆ. ಅದೇನೂ ಅರ್ಥವಿಲ್ಲದ ಭಯವಲ್ಲ. ವೈದ್ಯರಿಗೂ ಈ ಭಯ ಇತ್ತು. ಬಹಳ ಕಾಲ ಗರ್ಭಿಣಿಗೆ ಕ್ಯಾನ್ಸರ್ ಬಂದರೆ ‘ಗರ್ಭ ತೆಗೆಸಿ’ ಅಥವಾ ‘ಹೆರಿಗೆಯಾಗುವವರೆಗೆ ಕಾಯಿರಿ’ ಎಂಬ ಎರಡೇ ಸಲಹೆ ಸಿಗುತ್ತಿದ್ದವು. ಅಂದಾಜು ಸಾವಿರ ಬಸುರಿಯರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಅದರಲ್ಲೂ ಸ್ತನ ಕ್ಯಾನ್ಸರೇ ಹೆಚ್ಚು. ಒಂದೊಂದು ಆಸ್ಪತ್ರೆಗೆ ವರ್ಷಕ್ಕೆ ಒಂದೋ ಎರಡೋ ಇಂಥ ತಾಯಂದಿರು ಬಂದರೆ ಯಾರಿಗೂ ಅನುಭವ ಕೂಡುವುದಿಲ್ಲ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಫ್ರೆಡೆರಿಕ್ ಆಮಂಟ್ ಎಂಬ ವೈದ್ಯರು ಹಲವು ದೇಶಗಳ ಆಸ್ಪತ್ರೆಗಳನ್ನು ಒಟ್ಟುಗೂಡಿಸಿ, ತಾಯಂದಿರ ದಾಖಲೆ ಇಟ್ಟು, ಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದರು. ಇವತ್ತು ನಾನು ಧೈರ್ಯವಾಗಿ ಬರೆಯುತ್ತಿರುವ ಹೆಚ್ಚಿನ ಮಾತುಗಳ ಹಿಂದೆ ಆ ಮಕ್ಕಳಿದ್ದಾರೆ.

ಔಷಧಿ ಮಗುವಿಗೆ ತಲುಪಿತೇ ಎಂದರೆ, ಸ್ವಲ್ಪ ತಲುಪಿತು. ಸುಳ್ಳು ಹೇಳಿ ಸಮಾಧಾನ ಮಾಡುವುದಿಲ್ಲ. ಆದರೆ ನಿಮ್ಮ ರಕ್ತದಲ್ಲಿದ್ದಷ್ಟು ಅವಳ ರಕ್ತಕ್ಕೆ ಹೋಗಲಿಲ್ಲ. ಮಧ್ಯೆ ಮಾಸು ಇದೆ. ಮಾಸನ್ನು ನಾವು ಊಟ ಸಾಗಿಸುವ ಕೊಳವೆ ಎಂದುಕೊಳ್ಳುತ್ತೇವೆ, ಅದು ಕಾವಲುಗಾರನೂ ಹೌದು. ಅದರ ಜೀವಕೋಶಗಳ ಗೋಡೆಯಲ್ಲಿ ಪುಟ್ಟ ಪಂಪುಗಳಂಥ ಪ್ರೋಟೀನುಗಳಿವೆ. ಒಳಗೆ ನುಸುಳಿದ ಕೆಲವು ಔಷಧಿಗಳನ್ನು ಹಿಡಿದು ತಾಯಿಯ ಕಡೆಗೇ ವಾಪಸು ತಳ್ಳುತ್ತವೆ. ಬಬೂನ್ ಕೋತಿಗಳಲ್ಲಿ ಅಳೆದು ನೋಡಿದಾಗ, ತಾಯಿಯ ರಕ್ತದಲ್ಲಿದ್ದ ಡಾಕ್ಸೊರುಬಿಸಿನ್‌ನಲ್ಲಿ ಸರಾಸರಿ ಶೇ. 7.5ರಷ್ಟು ಮಾತ್ರ ಮರಿಯ ರಕ್ತದಲ್ಲಿ ಸಿಕ್ಕಿತು. ಸೈಕ್ಲೊಫಾಸ್ಫಮೈಡ್ ದೇಹದೊಳಗೆ ಮಾರ್ಪಟ್ಟು ಕೆಲಸ ಮಾಡುವ ರೂಪದಲ್ಲಿ ಸುಮಾರು ಶೇ. 25. ಬೇರೆ ಕೀಮೋ ಔಷಧಿಗಳಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಶೇ. 1.4. ಕಾರ್ಬೊಪ್ಲಾಟಿನ್ ಮಾತ್ರ ಅರ್ಧಕ್ಕಿಂತ ಹೆಚ್ಚು ದಾಟಿತು. ಅಂದರೆ ಎಲ್ಲ ಕೀಮೋ ಒಂದೇ ಅಲ್ಲ. ‘ಕೀಮೋ’ ಎಂಬುದು ಒಂದು ಔಷಧಿಯ ಹೆಸರೇ ಅಲ್ಲ, ಹತ್ತಾರು ಔಷಧಿಗಳಿಗೆ ನಾವಿಟ್ಟ ಒಟ್ಟು ಹೆಸರು. ಅತ್ತೆಯವರು ಹೇಳುವ ‘ವಿಷ’ ಯಾವುದು, ಎಷ್ಟು, ಯಾವ ವಾರದಲ್ಲಿ ಎಂದು ಕೇಳದೆ ಏನೂ ಹೇಳುವಂತಿಲ್ಲ.

ವಾರದ ವಿಷಯಕ್ಕೆ ಬರುತ್ತೇನೆ. ಮಗುವಿನ ಹೃದಯ, ಕೈಕಾಲು, ತುಟಿ, ಬೆನ್ನುಹುರಿ ಇವುಗಳ ಅಚ್ಚು ಮೂಡುವುದು ಮೊದಲ ಮೂರು ತಿಂಗಳಲ್ಲಿ. ಆ ಹೊತ್ತಿಗೆ ಕೀಮೋ ಕೊಟ್ಟರೆ ಅಂಗವಿಕಲತೆಯ ಸಂಭವ ಸ್ಪಷ್ಟವಾಗಿ ಏರುತ್ತದೆ. ಅದಕ್ಕೇ ನಿಮ್ಮ ವೈದ್ಯರು ಮೊದಲು ಆಪರೇಷನ್ ಮುಗಿಸಿ, 21ನೇ ವಾರಕ್ಕೆ ಕೀಮೋ ಶುರು ಮಾಡಿದರು. ಆ ಅವಧಿಯಲ್ಲಿ ಕೀಮೋ ಪಡೆದ ತಾಯಂದಿರ ಮಕ್ಕಳಲ್ಲಿ ಹುಟ್ಟಿನಿಂದಲೇ ಬರುವ ಅಂಗದೋಷ, ಎಲ್ಲ ಗರ್ಭಗಳಲ್ಲೂ ಇರುವ ಸುಮಾರು ಶೇ. 3ರ ಮಟ್ಟದಲ್ಲೇ ಇದೆ. ಕೊನೆಯ ಕೀಮೋಗೂ ಹೆರಿಗೆಗೂ ನಡುವೆ ಮೂರು ವಾರವಾದರೂ ಬಿಡುವುದು ವಾಡಿಕೆ. ತಾಯಿ ಮಗು ಇಬ್ಬರ ರಕ್ತಕಣಗಳೂ ಚೇತರಿಸಿಕೊಳ್ಳಲಿ ಎಂದು. ನೀವು ಕೊಟ್ಟಿರುವ ವಾರಗಳನ್ನು ಕೂಡಿ ಕಳೆದು ನೋಡಿದೆ, ನಾಲ್ಕು ವಾರ ಸಿಕ್ಕಿದೆ. ಕ್ರಮ ತಪ್ಪಿಲ್ಲ.

‘ಸರಿ ಡಾಕ್ಟ್ರೇ, ಕೈಕಾಲು ನೆಟ್ಟಗಿವೆ, ಆದರೆ ಮಿದುಳು?’ ಎಂದು ಕೇಳುತ್ತೀರಿ. ಕೇಳಲೇಬೇಕು, ಯಾಕೆಂದರೆ ಮಿದುಳಿನ ಕೆಲಸ ಮೂರು ತಿಂಗಳಿಗೆ ಮುಗಿಯುವುದಿಲ್ಲ, ಒಂಬತ್ತು ತಿಂಗಳೂ ನಡೆಯುತ್ತದೆ, ಹುಟ್ಟಿದ ಮೇಲೂ ನಡೆಯುತ್ತದೆ. ಇದಕ್ಕೆ ಉತ್ತರ ಹುಡುಕಿದ ಅಧ್ಯಯನ 2015ರಲ್ಲಿ ಬಂತು. ಬೆಲ್ಜಿಯಂ, ನೆದರ್ಲೆಂಡ್ಸ್, ಇಟಲಿ, ಚೆಕ್ ಗಣರಾಜ್ಯಗಳ 129 ಮಕ್ಕಳು, ಎಲ್ಲರೂ ಹೊಟ್ಟೆಯಲ್ಲಿದ್ದಾಗಲೇ ತಾಯಿಗೆ ಕ್ಯಾನ್ಸರ್ ಗೊತ್ತಾದವರು. ಅವರಲ್ಲಿ 96 ಮಕ್ಕಳು ಒಳಗಿದ್ದಾಗ ತಾಯಿಗೆ ಕೀಮೋ ಆಗಿತ್ತು. ಇವರನ್ನು ಬೇರೆ 129 ಮಕ್ಕಳ ಜೊತೆ ಹೋಲಿಸಿದರು. ಇಲ್ಲಿ ಒಂದು ಜಾಣತನ ಮಾಡಿದ್ದರು, ನನಗೆ ಈ ಅಧ್ಯಯನ ಇಷ್ಟವಾಗುವುದು ಅದಕ್ಕೇ: ದಿನ ತುಂಬಿ ಹುಟ್ಟಿದ ಯಾವುದೋ ಮಗುವಿನ ಜೊತೆ ಇಟ್ಟು ನೋಡಲಿಲ್ಲ. 34ನೇ ವಾರಕ್ಕೆ ಹುಟ್ಟಿದ ಮಗುವಿಗೆ 34ನೇ ವಾರಕ್ಕೇ ಹುಟ್ಟಿದ, ಆದರೆ ತಾಯಿಗೆ ಕ್ಯಾನ್ಸರ್ ಇಲ್ಲದ ಮಗುವನ್ನೇ ಜೋಡಿ ಮಾಡಿದರು. ಹೀಗೆ ಜೋಡಿಸಿ ಒಂದರಿಂದ ಮೂರೂವರೆ ವರ್ಷದ ಮಕ್ಕಳಿಗೆ ಬುದ್ಧಿ ಬೆಳವಣಿಗೆಯ ಪರೀಕ್ಷೆ ಕೊಟ್ಟಾಗ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂರು ವರ್ಷದ 47 ಮಕ್ಕಳ ಹೃದಯ ಪರೀಕ್ಷೆ ಮಾಡಿದರು, ಅದೂ ಸರಿಯಿತ್ತು. ವ್ಯತ್ಯಾಸ ಕಂಡದ್ದು ಎಲ್ಲಿ ಗೊತ್ತೇ? ಎರಡು ಗುಂಪಿನಲ್ಲೂ ಬೇಗ ಹುಟ್ಟಿದವರ ಅಂಕ ಕಡಿಮೆ, ದಿನ ತುಂಬಿ ಹುಟ್ಟಿದವರ ಅಂಕ ಹೆಚ್ಚು. ಕೀಮೋ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಅದಕ್ಕೂ ಮೊದಲು, 2012ರಲ್ಲಿ, ಇದೇ ತಂಡ 70 ಮಕ್ಕಳನ್ನು ನೋಡಿತ್ತು. ಹೊಟ್ಟೆಯಲ್ಲಿ ಒಂದು ತಿಂಗಳು ಹೆಚ್ಚು ಕಳೆದರೆ ಬುದ್ಧ್ಯಂಕ ಸರಾಸರಿ 11.6 ಅಂಕ ಏರುತ್ತದೆ ಎಂದು ಅಲ್ಲಿ ಸಿಕ್ಕಿತು. ಈ ಸಂಖ್ಯೆ ಓದಿದ ಕೂಡಲೇ ಕ್ಯಾಲ್ಕುಲೇಟರ್ ಹಿಡಿದು ‘ನಮ್ಮವಳಿಗೆ ಆರು ವಾರ ಕಡಿಮೆ, ಹಾಗಾದರೆ ಇಷ್ಟು ಅಂಕ ಹೋಯಿತು’ ಎಂದು ಗುಣಿಸಬೇಡಿ. ಅದು ಗುಂಪಿನ ಸರಾಸರಿ, ಆ ಗುಂಪಿನಲ್ಲಿ ತೀರಾ ಬೇಗ ಹುಟ್ಟಿದವರೂ ಇದ್ದರು. ಒಂದು ಮಗುವಿನ ಹಣೆಬರಹ ಅದರಿಂದ ಓದಲು ಬರುವುದಿಲ್ಲ. 34ನೇ ವಾರದಲ್ಲಿ ಮಿದುಳಿನ ತೂಕ ದಿನ ತುಂಬಿದ ಮಗುವಿನ ಮಿದುಳಿನ ಸುಮಾರು ಮೂರನೇ ಎರಡು ಭಾಗ ಇರುತ್ತದೆ. ಉಳಿದದ್ದು ಬೆಳೆಯುವುದು ನಿಲ್ಲುವುದಿಲ್ಲ, ಹೊರಗೆ ಬೆಳೆಯುತ್ತದೆ. ಗರ್ಭದ ಕತ್ತಲಲ್ಲಿ ಆಗಬೇಕಾದ ಕೆಲಸ ಎನ್‌ಐಸಿಯು ದೀಪದಡಿ ಆಗುತ್ತದೆ, ವ್ಯತ್ಯಾಸ ಅಲ್ಲಿದೆ. ಈ ಫಲಿತಾಂಶಗಳ ನಂತರವೇ ವೈದ್ಯರು, ಕೀಮೋಗೆ ಹೆದರಿ ಹೆರಿಗೆಯನ್ನು ಮೊದಲೇ ಮಾಡಿಸುವುದಕ್ಕಿಂತ ಕೀಮೋ ಕೊಟ್ಟು ಗರ್ಭವನ್ನು ದಿನ ತುಂಬುವತ್ತ ಸಾಗಿಸುವುದು ಮಗುವಿಗೆ ಒಳ್ಳೆಯದು ಎಂಬ ಕಡೆಗೆ ವಾಲಿದ್ದು. ನಿಮ್ಮ ವಿಷಯದಲ್ಲಿ ಬಿ.ಪಿ. ಏರಿತು. ಏರಿದ ಬಿ.ಪಿ.ಯೊಂದಿಗೆ ಕಾಯುವುದು ಇಬ್ಬರಿಗೂ ಅಪಾಯವಾಗಬಹುದಿತ್ತು.

ಹಾಗಾಗಿ ಮಗಳನ್ನು ‘ಕೀಮೋ ಮಗು’ ಎಂದು ನೋಡುವುದನ್ನು ಬಿಟ್ಟು ‘ಆರು ವಾರ ಮೊದಲು ಹುಟ್ಟಿದ ಮಗು’ ಎಂದು ನೋಡಿ. ಮೊದಲನೆಯದಕ್ಕೆ ನಿಮ್ಮ ಕೈಯಲ್ಲಿ ಮದ್ದಿಲ್ಲ, ಎರಡನೆಯದಕ್ಕೆ ಮಾಡಬೇಕಾದ ಕೆಲಸಗಳು ಬೇಕಾದಷ್ಟಿವೆ.

ಒಂದು ಫಲಿತಾಂಶ ಮಾತ್ರ ಪೂರ್ತಿ ಸಿಹಿಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿದ್ದಾಗ ತಾಯಿಗೆ ಕ್ಯಾನ್ಸರ್ ಇದ್ದ, ಆರು ವರ್ಷದ 132 ಮಕ್ಕಳ ವರದಿ 2020ರಲ್ಲಿ ಬಂತು. ಒಟ್ಟು ಬುದ್ಧ್ಯಂಕ ಸಾಮಾನ್ಯ ಮಿತಿಯಲ್ಲೇ ಇತ್ತು, ಗಮನ ಮತ್ತು ಹೃದಯದ ಕೆಲಸವೂ ಸರಿಯಿದ್ದವು. ಆದರೆ ಮಾತಿಗೆ ಸಂಬಂಧಿಸಿದ ಬುದ್ಧ್ಯಂಕ ಜೋಡಿ ಮಕ್ಕಳಿಗಿಂತ ಆರು ಅಂಕದಷ್ಟು ಕಡಿಮೆ ಇತ್ತು, ಚಿತ್ರ ನೋಡಿ ಬಹಳ ಹೊತ್ತಿನ ಮೇಲೆ ನೆನಪಿಸಿಕೊಳ್ಳುವುದರಲ್ಲೂ ಸ್ವಲ್ಪ ಹಿಂದೆ ಇದ್ದರು. ಕೀಮೋಗೆ ಒಡ್ಡಿಕೊಂಡ ಮಕ್ಕಳ ಬಿ.ಪಿ.ಯಲ್ಲಿ ಕೆಳಗಿನ ಸಂಖ್ಯೆ ತುಸು ಹೆಚ್ಚಿತ್ತು. ಮಾತಿನ ಅಂತರ ಯಾರಲ್ಲಿ ದೊಡ್ಡದಿತ್ತು ಎಂದು ನೋಡಿದರೆ, ತಾಯಿಯನ್ನು ಕಳೆದುಕೊಂಡ ಮಕ್ಕಳಲ್ಲಿ. ಇದನ್ನು ನಾನು ಹೀಗೆ ಓದುತ್ತೇನೆ: ಮಾತು ಮಾತಿನಿಂದಲೇ ಹುಟ್ಟುವುದು. ತಾಯಿ ವಾಂತಿ, ಸುಸ್ತು, ಆಸ್ಪತ್ರೆ, ಸಾವಿನ ಭಯ ಎಂದು ಬೇಯುತ್ತಿರುವ ಮನೆಯಲ್ಲಿ ಮಗುವಿನ ಜೊತೆ ನಡೆಯುವ ಮಾತು ತಾನಾಗಿಯೇ ತಗ್ಗುತ್ತದೆ. ಔಷಧಿಯ ಪಾಲು ಏನೂ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಮನೆಯ ಮೌನದ ಪಾಲನ್ನು ನಾವೇ ತುಂಬಬಹುದು.

ನೀವು ಆರು ತಿಂಗಳು ಮಲಗಿದ್ದೆ ಎಂದು ಬರೆದ ರೀತಿಯಲ್ಲಿ ತಪ್ಪೊಪ್ಪಿಗೆಯ ದನಿ ಇದೆ. ಆ ಆರು ತಿಂಗಳು ಅವಳನ್ನು ಎತ್ತಿಕೊಂಡು, ಎಣ್ಣೆ ಹಚ್ಚಿ, ಮಾತಾಡಿಸಿದವರು ನಿಮ್ಮಮ್ಮ. ಮಗುವಿನ ಮಿದುಳಿಗೆ ಬೇಕಾದದ್ದು ದಿನಾ ಅದೇ ಮುಖ, ಅದೇ ದನಿ, ಅತ್ತಾಗ ಬರುವ ಅದೇ ಕೈ. ಅದು ಅವಳಿಗೆ ಸಿಕ್ಕಿದೆ. ಈಗ ನೀವು ಎದ್ದಿದ್ದೀರಿ, ಮಾತು ಶುರು ಮಾಡಿ. ಆಟಿಕೆ ಬೇಡ, ಮೊಬೈಲಿನ ಹಾಡುಗಳಂತೂ ಬೇಡವೇ ಬೇಡ. ಬಟ್ಟೆ ಹಾಕುವಾಗ ‘ಈ ಕೈ ಎಲ್ಲಿ, ಈ ಕೈ ಬಂತು’ ಎನ್ನಿ. ಅವಳು ಬಾಬಾ ಎಂದರೆ ನೀವೂ ಬಾಬಾ ಎಂದು ನಿಲ್ಲಿಸಿ, ಅವಳ ಸರದಿಗೆ ಕಾಯಿರಿ. ಕಾಯುವುದೇ ಕಷ್ಟ, ದೊಡ್ಡವರು ಮಧ್ಯೆ ಬಾಯಿ ಹಾಕುತ್ತೇವೆ. ಸುಸ್ತಾಗಿದ್ದರೆ ಮಲಗಿಕೊಂಡೇ ಮಾತಾಡಿ, ಮಗು ಅದನ್ನೇನೂ ತಪ್ಪು ತಿಳಿಯುವುದಿಲ್ಲ. ಮನಸ್ಸು ದಿನವೂ ಮಂಕಾಗಿಯೇ ಇದ್ದರೆ, ನಿದ್ದೆ ಊಟ ಸೇರದಿದ್ದರೆ, ಅದನ್ನು ನಿಮ್ಮ ಕ್ಯಾನ್ಸರ್ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅದಕ್ಕೂ ಚಿಕಿತ್ಸೆ ಇದೆ, ಮತ್ತು ತಾಯಿಯ ಖಿನ್ನತೆ ವಾಸಿಯಾಗುವುದು ಮಗುವಿನ ಬೆಳವಣಿಗೆಗೂ ಒಳ್ಳೆಯದು.

ಪರೀಕ್ಷೆಗಳಲ್ಲಿ ನಾನು ಮೊದಲು ಕೇಳುವುದು ಕಿವಿಯದು. ನಿಮಗೆ ಕೊಟ್ಟ ಎರಡು ಔಷಧಿಗಳೂ ಕಿವಿಗೆ ಕೆಟ್ಟ ಹೆಸರು ಪಡೆದವಲ್ಲ, ಆ ಹೆಸರು ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧಿಗೆ ಇದೆ. ಆದರೂ ದಿನ ತುಂಬದೆ ಹುಟ್ಟಿ ಎನ್‌ಐಸಿಯುನಲ್ಲಿದ್ದ ಮಗು, ಮಾತಿನ ಬಗ್ಗೆ ಚಿಂತೆ ಇದೆ ಎಂದ ಮೇಲೆ ಹುಟ್ಟಿದಾಗ ಮಾಡಿದ ಕಿವಿ ಪರೀಕ್ಷೆ ‘ಪಾಸ್’ ಆಗಿದ್ದರೂ ಇನ್ನೊಮ್ಮೆ ಮಾಡಿಸಿ. ಎರಡನೆಯದು ಕಬ್ಬಿಣ. ಮಗು ತನ್ನ ಕಬ್ಬಿಣದ ಗಂಟನ್ನು ತಾಯಿಯಿಂದ ಕಟ್ಟಿಕೊಳ್ಳುವುದು ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ನಿಮ್ಮ ಮಗಳಿಗೆ ಅದರಲ್ಲಿ ಅರ್ಧ ಸಮಯ ಸಿಗಲಿಲ್ಲ. ಕಬ್ಬಿಣದ ಕೊರತೆ ನಡಿಗೆ, ಮಾತು, ಗಮನ ಎಲ್ಲಕ್ಕೂ ಅಡ್ಡ ಬರುತ್ತದೆ, ಮತ್ತು ಅದು ಸುಲಭವಾಗಿ ಸರಿಪಡಿಸಬಹುದಾದ ಕಾರಣ. ಕಬ್ಬಿಣದ ಹನಿ ಒಂದು ವರ್ಷ ಕೊಟ್ಟಿರಾ? ನಡುವೆ ನಿಂತಿದ್ದರೆ ವೈದ್ಯರಿಗೆ ತಿಳಿಸಿ, ರಕ್ತ ಪರೀಕ್ಷೆ ಕೇಳಿ. ಡಾಕ್ಸೊರುಬಿಸಿನ್ ಇದ್ದುದರಿಂದ ಒಮ್ಮೆ ಹೃದಯದ ಎಕೋ ಮಾಡಿಸುವುದು ಸಮಂಜಸ, ಮೂರು ವರ್ಷದ ನಂತರ ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿ. ಲಸಿಕೆಗಳನ್ನು ಹುಟ್ಟಿದ ತಾರೀಕಿನ ಲೆಕ್ಕದಲ್ಲೇ ಹಾಕಿಸಬೇಕು, ಅಲ್ಲಿ ಮಾತ್ರ ಆರು ವಾರ ಕಳೆಯಬೇಡಿ.

ಯಾವಾಗ ಕಾಯದೆ ಬರಬೇಕು ಎಂದರೆ, ಹುಟ್ಟಬೇಕಾಗಿದ್ದ ತಾರೀಕಿನಿಂದ ಎಣಿಸಿ 12 ತಿಂಗಳು ಕಳೆದರೂ ಬೆರಳು ತೋರಿಸುವುದು, ಟಾಟಾ ಮಾಡುವುದು ಯಾವುದೂ ಇಲ್ಲದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ. 16 ತಿಂಗಳಿಗೆ ಒಂದೂ ಪದ ಬರದಿದ್ದರೆ. 18 ತಿಂಗಳಾದರೂ ನಡೆಯದಿದ್ದರೆ. ಇದ್ದ ಮಾತು ಅಥವಾ ಆಟ ಮಾಯವಾದರೆ ಯಾವ ವಯಸ್ಸಾದರೂ ಸರಿ, ಆ ವಾರವೇ ಬನ್ನಿ. ಒಂದು ಕೈಯನ್ನೇ ಬಳಸುವುದು, ಕಾಲು ಬಿಗಿಯಾಗಿ ತುದಿಬೆರಳಲ್ಲೇ ನಿಲ್ಲುವುದು ಕಂಡರೂ ಅಷ್ಟೇ.

ಇನ್ನು ಕ್ಯಾನ್ಸರ್ ಅಂಟುವ ಪ್ರಶ್ನೆ. ತಾಯಿಯ ಕ್ಯಾನ್ಸರ್ ಕೋಶ ಮಾಸು ದಾಟಿ ಮಗುವಿನಲ್ಲಿ ಬೇರೂರುವುದು ವೈದ್ಯಶಾಸ್ತ್ರದ ಅಪರೂಪಗಳಲ್ಲಿ ಅಪರೂಪ. ಕ್ಯಾನ್ಸರ್ ಇರುವ ಐದು ಲಕ್ಷ ತಾಯಂದಿರಲ್ಲಿ ಒಬ್ಬರ ಮಗುವಿಗೆ ಎಂಬ ಅಂದಾಜಿದೆ; ದಾಖಲಾದ ಉದಾಹರಣೆಗಳಲ್ಲಿ ರಕ್ತದ ಕ್ಯಾನ್ಸರ್ ಮತ್ತು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗಳೇ ಹೆಚ್ಚು. ಹೆರಿಗೆಯ ನಂತರ ಮಾಸನ್ನು ಲ್ಯಾಬಿಗೆ ಕಳಿಸಿದ್ದರೆ ಆ ವರದಿ ನಿಮ್ಮ ಕಡತದಲ್ಲಿರುತ್ತದೆ. ಹೊಟ್ಟೆಯಲ್ಲಿ ಕೀಮೋ ಕಂಡ ಮಕ್ಕಳಿಗೆ ಮುಂದೆ ತಾವಾಗಿಯೇ ಕ್ಯಾನ್ಸರ್ ಬರುತ್ತದೆಯೇ ಎಂಬುದಕ್ಕೆ ಮೆಕ್ಸಿಕೋದಲ್ಲಿ 84 ಮಕ್ಕಳನ್ನು ಸರಾಸರಿ 18 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಆ ಮಕ್ಕಳ ತಾಯಂದಿರಿಗೆ ರಕ್ತದ ಕ್ಯಾನ್ಸರ್ ಇತ್ತು, ಕೆಲವರಿಗೆ ಮೊದಲ ಮೂರು ತಿಂಗಳಲ್ಲೇ ಕೀಮೋ ಆಗಿತ್ತು. ಮಕ್ಕಳು ಸರಿಯಾಗಿ ಬೆಳೆದರು, ಓದಿದರು, ಕ್ಯಾನ್ಸರ್ ಕಾಣಿಸಿಕೊಳ್ಳಲಿಲ್ಲ, ಕೆಲವರಿಗೆ ಆಗಲೇ ಆರೋಗ್ಯವಂತ ಮಕ್ಕಳೂ ಆಗಿದ್ದರು.

ಅಂಟುವುದು ಬೇರೆ, ವಂಶವಾಹಿ ಬೇರೆ. ಮೂವತ್ತರ ಆಸುಪಾಸಿನಲ್ಲೇ ಸ್ತನ ಕ್ಯಾನ್ಸರ್ ಬಂದಿರುವುದರಿಂದ ನಿಮಗೆ ಬಿಆರ್‌ಸಿಎ ಮುಂತಾದ ವಂಶವಾಹಿಗಳ ಪರೀಕ್ಷೆ ಆಗಿರಬೇಕು, ಆಗಿಲ್ಲದಿದ್ದರೆ ಕೇಳಿ. ಆ ವಂಶವಾಹಿಗಳಲ್ಲಿ ಕ್ಯಾನ್ಸರ್ ತರುವಂಥ ದೋಷ ನಿಮ್ಮಲ್ಲಿ ಸಿಕ್ಕರೆ ಮಗಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಆದರೂ ಈಗ ಅವಳ ರಕ್ತ ಕಳಿಸಬೇಕಾಗಿಲ್ಲ. ಬಾಲ್ಯದಲ್ಲಿ ಆ ಫಲಿತಾಂಶದಿಂದ ಮಾಡುವಂಥದ್ದು ಏನೂ ಇಲ್ಲ, ದೊಡ್ಡವಳಾದ ಮೇಲೆ ಅವಳೇ ತೀರ್ಮಾನಿಸಲಿ.

ಗರ್ಭ ತೆಗೆಸಬೇಕಿತ್ತು ಎಂಬ ಮಾತಿಗೆ ಉತ್ತರ ಚಿಕ್ಕದು. ಸ್ತನ ಕ್ಯಾನ್ಸರಿನಲ್ಲಿ ಗರ್ಭ ತೆಗೆಸಿದ್ದರಿಂದ ತಾಯಿಯ ಆಯಸ್ಸು ಹೆಚ್ಚಿದ್ದು ಯಾವ ಅಧ್ಯಯನದಲ್ಲೂ ಕಂಡಿಲ್ಲ. ಅತ್ತೆಯವರಿಗೆ ನೀವೊಬ್ಬರೇ ಇದನ್ನೆಲ್ಲ ವಿವರಿಸಲು ಹೋಗಬೇಡಿ, ಜಗಳವಾಗುತ್ತದೆ. ಮುಂದಿನ ಸಲ ಮಗುವನ್ನು ತೋರಿಸಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ವೈದ್ಯರ ಎದುರು ಅವರೇ ಕೇಳಲಿ. ಸಾಮಾನ್ಯವಾಗಿ ಇಂಥ ಮಾತಿನ ಅಡಿಯಲ್ಲಿ ಮೊಮ್ಮಗಳ ಬಗೆಗಿನ ಹೆದರಿಕೆಯೇ ಇರುತ್ತದೆ. ಹೋಗುವಾಗ ಹೆರಿಗೆಯ ಡಿಸ್ಚಾರ್ಜ್ ಚೀಟಿ, ಕೀಮೋದ ಔಷಧಿ ಮತ್ತು ತಾರೀಕು ಇರುವ ಹಾಳೆ, ಮಗುವಿನ ತೂಕದ ಕಾರ್ಡು, ಹುಟ್ಟಿದಾಗಿನ ಕಿವಿ ಮತ್ತು ಕಣ್ಣಿನ ವರದಿ ಇಷ್ಟನ್ನೂ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ಕಡತದ ಮೇಲೆ ಹುಟ್ಟಿದ ತಾರೀಕಿನ ಪಕ್ಕದಲ್ಲಿ ಹುಟ್ಟಬೇಕಾಗಿದ್ದ ತಾರೀಕನ್ನೂ ದೊಡ್ಡದಾಗಿ ಬರೆದಿಡಿ.